ಗಾಡಿ ಮೊದಲು ಏನು ಕೆಲಸ ಮಾಡಿತ್ತು?

ಪುಂಜಾಲಕಟ್ಟೆ ಪೇಟೆಯ ಬದಿಯಲ್ಲಿ ನಿಂತು ಹೋಗಿಬರುವ ಗಾಡಿಗಳ ನಂಬರ್ ಪ್ಲೇಟ್ ಓದಿದರೆ ಸಾಕು, ಊರಿನ ಭೂಗೋಳ ಗೊತ್ತಾಗುತ್ತದೆ. ಬಂಟ್ವಾಳದ ಕೆಎ 70, ಮಂಗಳೂರು–ಮೂಡುಬಿದಿರೆ ಕಡೆಯ ಕೆಎ 19, ಪುತ್ತೂರು ಕಚೇರಿಯಲ್ಲಿ ನೋಂದಣಿಯಾಗುವ ಬೆಳ್ತಂಗಡಿಯವರ ಕೆಎ 21, ನಡುನಡುವೆ ಕಾಸರಗೋಡಿನ ಕೆಎಲ್ 14. ಊರು ಬಂಟ್ವಾಳ ತಾಲೂಕಿನದು. ಸ್ವಲ್ಪ ಮುಂದೆ ಹೋದರೆ ಸಿಗುವ ಮಡಂತ್ಯಾರು ಬೆಳ್ತಂಗಡಿಯದ್ದು. ಗುರುವಾಯನಕೆರೆಯಲ್ಲಿ ಎಡಕ್ಕೆ ಹೊರಳಿದರೆ ವೇಣೂರಿನ ಮೇಲೆ ಮೂಡುಬಿದಿರೆ, ನೇರ ಹೋದರೆ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಘಾಟಿ. ರಾಷ್ಟ್ರೀಯ ಹೆದ್ದಾರಿ 73ರ ಮೇಲಿನ ಇಂಥ ಊರಿನಲ್ಲಿ ಗಾಡಿ ಹಳತಾಗುವುದಕ್ಕೂ ಕೈ ಬದಲಾಗುವುದಕ್ಕೂ ಕಾರಣ ಬೇಕಿಲ್ಲ. ಅಡಿಕೆಗೆ ರೇಟು ಬಂದ ವರ್ಷ ಒಬ್ಬರು ಹೊಸ ಪಿಕಪ್ ತೆಗೆಯುತ್ತಾರೆ. ಅವರ ಹಳೆಯದು ಇನ್ನೊಬ್ಬರ ಅಂಗಳಕ್ಕೆ ಬರುತ್ತದೆ. “ಇಂಥವರದ್ದೊಂದು ಗಾಡಿ ಕೊಡ್ಲಿಕ್ಕುಂಟಂತೆ” ಎಂಬ ಮಾತು ಹೋಟೆಲಿನ ಬೆಂಚಿನಲ್ಲಿ ಹುಟ್ಟಿದರೆ ಸಂಜೆಯೊಳಗೆ ಗಿರಾಕಿ ಸಿಕ್ಕಿರುತ್ತಾರೆ.

ಆ ಗಿರಾಕಿ ಒಬ್ಬರೇ ಹೋಗುವುದಿಲ್ಲ. ಪರಿಚಯದ ಮೆಕ್ಯಾನಿಕ್ ಜೊತೆಗಿರಬೇಕು. ಹಿಂದೆ ದನ ಕೊಳ್ಳಲು ಹೋಗುವವರು ಹಲ್ಲು ನೋಡಿ ಪ್ರಾಯ ಹೇಳಬಲ್ಲವರನ್ನು ಕರೆದೊಯ್ಯುತ್ತಿದ್ದ ಹಾಗೆ. ಹಳೆ ಗಾಡಿ ನೋಡುವುದು ಒಂದು ವಿದ್ಯೆ. ಅದಕ್ಕೆ ಸರ್ಟಿಫಿಕೇಟ್ ಇಲ್ಲ, ಬೋರ್ಡೂ ಇಲ್ಲ. ಆದರೆ ಈ ವಿದ್ಯೆ ಬಲ್ಲವರಿಗೆ ಹೆದ್ದಾರಿ ಬದಿಯ ಪ್ರತಿ ಊರಿನಲ್ಲೂ ಒಂದು ಸ್ಥಾನವಿದೆ. ಅವರು ಮೊದಲು ಕೇಳುವುದು “ಯಾವ ಮಾಡೆಲ್” ಅಂತಲ್ಲ, “ಎಷ್ಟು ಓಡಿದೆ” ಅಂತಲೂ ಅಲ್ಲ. ಓಡಿದ ಲೆಕ್ಕವನ್ನು ಹಿಂದಕ್ಕೆ ತಿರುಗಿಸುವ ಉಪಾಯಗಳು ಮೀಟರಿನಷ್ಟೇ ಹಳೆಯವು. “ಇದು ಮೊದಲು ಏನು ಕೆಲಸದಲ್ಲಿತ್ತು?” ಎಂಬುದೇ ಅವರ ಪ್ರಶ್ನೆ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗಿರುವ ತೂಕ ಬಯಲುಸೀಮೆಯವರಿಗೆ ಸುಲಭದಲ್ಲಿ ಅರ್ಥವಾಗಲಿಕ್ಕಿಲ್ಲ. ಮಂಗಳೂರಿನ ಧಕ್ಕೆಯಿಂದ ಮೀನು ಹೊತ್ತ ಗಾಡಿಯನ್ನು ತೆಗೆದುಕೊಳ್ಳಿ. ಮಂಜುಗಡ್ಡೆ ಕರಗಿ ಉಪ್ಪುನೀರು ಬಾಡಿಯ ಹಲಗೆಗಳ ಸಂದಿನಿಂದ ಚಾಸಿಯ ಮೇಲೆ ದಿನವೂ ಇಳಿದಿರುತ್ತದೆ. ಮಾರುವ ಮೊದಲು ತೊಳೆದು, ಕಪ್ಪು ಪೇಂಟ್ ಹೊಡೆದು ನಿಲ್ಲಿಸಿದರೆ ಮೇಲ್ನೋಟಕ್ಕೆ ಅದು ಮೊನ್ನೆ ಶೋರೂಮಿನಿಂದ ಬಂದ ಹಾಗೆ. ಬಲ್ಲವರು ಅಡಿಗೆ ನುಗ್ಗಿ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಬಡಿಯುತ್ತಾ ಹೋಗುತ್ತಾರೆ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತುಕ್ಕು ಹಿಡಿದು ಪದರು ಬಿಟ್ಟ ಜಾಗದಲ್ಲಿ ಸದ್ದು ಸತ್ತು, ಪೇಂಟಿನ ಜೊತೆ ಕಂದು ಚಕ್ಕೆ ಉದುರುತ್ತದೆ. ಹೆಚ್ಚಾಗಿ ಕೊಳೆಯುವುದು ಹಿಂದಿನ ಸ್ಪ್ರಿಂಗ್ ಬ್ರ್ಯಾಕೆಟಿನ ಬುಡ ಮತ್ತು ಅಡ್ಡಪಟ್ಟಿಗಳು ಸೇರುವ ಮೂಲೆಗಳು. ಅಲ್ಲಿ ಇನ್ನೊಂದನ್ನೂ ನೋಡಬೇಕು. ಲಾರಿಯ ಚಾಸಿಯನ್ನು ಕಂಪನಿ ಜೋಡಿಸುವುದು ಹೆಚ್ಚಾಗಿ ರಿವೆಟ್ಟಿನಿಂದ. ರಿವೆಟ್ ಇರಬೇಕಾದಲ್ಲಿ ವೆಲ್ಡಿಂಗಿನ ಗೆರೆ ಕಂಡರೆ ಒಂದೋ ಬಿರುಕು ಬಿಟ್ಟಿತ್ತು, ಇಲ್ಲವೇ ಅಪಘಾತ ಆಗಿತ್ತು. ಮಾರುವವರು ಎರಡನ್ನೂ ತಾವಾಗಿ ಹೇಳುವುದಿಲ್ಲ.

ಕೆಂಪುಕಲ್ಲು ಹೊತ್ತ ಗಾಡಿಯ ಕಾಯಿಲೆ ಬೇರೆ. ಒಂದು ಕಲ್ಲು ಮೂವತ್ತು ಕಿಲೋದ ಆಸುಪಾಸು. ಅವನ್ನು ಹೇರುವಾಗ ಕೆಲಸದವರು ಎಣಿಸುವುದು ಕಲ್ಲನ್ನೇ ಹೊರತು ಟನ್ನನ್ನಲ್ಲ. 1986ರಲ್ಲಿ ಬಂದ ಟಾಟಾ 407 ನಮ್ಮ ಕಡೆ ಈ ಕಲ್ಲು ಹೊತ್ತೇ ಮನೆಮಾತಾದದ್ದು. ಅಂಥ ಗಾಡಿಯ ಹಿಂದೆ ಕೂತು ಸ್ಪ್ರಿಂಗ್ ಪ್ಲೇಟುಗಳನ್ನು ಎಣಿಸಿದರೆ ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಹೆಚ್ಚು ಸಿಕ್ಕಬಹುದು. ಓವರ್‌ಲೋಡಿನ ಕತೆಯನ್ನು ಅದಕ್ಕಿಂತ ಚೆನ್ನಾಗಿ ಯಾವ ದಾಖಲೆಯೂ ಹೇಳದು. ಪ್ಲೇಟು ಹೆಚ್ಚಿಸಿದರೆ ಸ್ಪ್ರಿಂಗ್ ತಾಳುತ್ತದೆ ನಿಜ. ಆದರೆ ಆ ಭಾರ ಹೋಗಿ ಕೂರುವುದು ಹೌಸಿಂಗ್, ವೀಲ್ ಬೇರಿಂಗ್, ಬ್ರೇಕುಗಳ ಮೇಲೆ. (ಸ್ಪ್ರಿಂಗಿನ ಮಾತು ಬಂದದ್ದರಿಂದ ಹೇಳುತ್ತೇನೆ: ಲಾರಿಗಳ ಲೀಫ್ ಸ್ಪ್ರಿಂಗಿಗೆ ಹೆಸರಾದ ಕೆನರಾ ವರ್ಕ್‌ಶಾಪ್ಸನ್ನು ವಿ. ಎಸ್. ಕುಡ್ವರು ಮಂಗಳೂರಿನಲ್ಲಿ ಕಟ್ಟಿದ್ದು 1943ರಲ್ಲಿ. ಈ ಕರಾವಳಿಗೆ ಗಾಡಿ ರಿಪೇರಿಯ ವಿದ್ಯೆ ನಿನ್ನೆಮೊನ್ನೆ ಬಂದದ್ದಲ್ಲ.)

ಘಾಟಿ ಹತ್ತಿಳಿದ ಗಾಡಿಯಲ್ಲಿ ಕ್ಲಚ್ಚು ಮತ್ತು ಬ್ರೇಕ್ ಡ್ರಮ್ ನೋಡಬೇಕು. 2019ರ ಆಗಸ್ಟಿನ ಭೂಕುಸಿತದ ಬಳಿಕ ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಂತು. ಪಿಕಪ್ಪುಗಳು, ಜೀಪುಗಳು ಇಂದಿಗೂ ಹತ್ತುತ್ತಿವೆ. ನೆರೆನೀರಿನಲ್ಲಿ ನಿಂತ ಗಾಡಿ ಮತ್ತೂ ಅಪಾಯ. ನೇತ್ರಾವತಿಯ ದಡದ ಬಂಟ್ವಾಳದವರಿಗೆ 1974ರ ನೆರೆ ಇಂದಿಗೂ ನೆನಪು. ಸೀಟಿನ ಅಡಿಯ ಸ್ಪ್ರಿಂಗುಗಳಲ್ಲಿ, ಡ್ಯಾಶ್‌ಬೋರ್ಡಿನ ಹಿಂದಿನ ವಯರುಗಳ ನಡುವೆ ಒಣಗಿದ ನುಣುಪು ಕೆಸರು ಕಂಡರೆ ರೇಟು ಎಷ್ಟೇ ಇಳಿದರೂ ಎದ್ದು ಬನ್ನಿ.

ಇಂಜಿನಿನ ಪರೀಕ್ಷೆ ಇಂಜಿನ್ ತಣ್ಣಗಿರುವಾಗಲೇ ಆಗಬೇಕು. ನೀವು ಹೋಗುವ ಮೊದಲೇ ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅದರಲ್ಲಿ ಏನೋ ಮುಚ್ಚಿಡುವುದಿದೆ. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಅದು ಗೊತ್ತಾಗಿಬಿಡುತ್ತದೆ. ಸ್ಟಾರ್ಟ್ ಆದ ಮೇಲೆ ಇಂಜಿನ್ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಬಾಯಿಯ ಮೇಲೆ ಸುಮ್ಮನೆ ಇಡಿ. ಮುಚ್ಚಳ ಕುಣಿದು ಹೊಗೆ ಉಗುಳಿದರೆ ಅದು ಗ್ಯಾರೇಜಿನವರು ಹೇಳುವ ಬ್ಯಾಕ್ ಕಂಪ್ರೆಶನ್. ರಿಂಗು, ಬೋರು ಸವೆದು ದಹನದ ಒತ್ತಡ ಕೆಳಗೆ ನುಗ್ಗುತ್ತಿದೆ ಎಂದರ್ಥ. ಸೈಲೆನ್ಸರಿನ ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಡೀಸೆಲ್ ಹೆಚ್ಚಾಗುತ್ತಿದೆ, ಬಿಸಿಯಾದ ಮೇಲೂ ಬಿಳಿ ಬಂದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಬೇಕು. ಹಳೆ ಪಂಪಿನ ಡೀಸೆಲ್ ಇಂಜಿನುಗಳ ಈ ರೋಗಗಳಿಗೆಲ್ಲ ಔಷಧಿಯಿದೆ: ಪಂಪ್ ಮತ್ತು ನೊಝಲನ್ನು ಕ್ಯಾಲಿಬ್ರೇಶನ್‌ಗೆ ಕೊಡಬಹುದು, ಲೇತಿನಲ್ಲಿ ಬೋರ್ ಮಾಡಿಸಬಹುದು. 2020ರ ಏಪ್ರಿಲಿನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಸೆನ್ಸರುಗಳದ್ದೇ ರಾಜ್ಯ. ಅಲ್ಲಿ ಸ್ಪ್ಯಾನರಿಗಿಂತ ಮೊದಲು ಸ್ಕ್ಯಾನರ್ ಬೇಕು. ಅಂಥ ಗಾಡಿ ನೋಡುವಾಗ ಕೀ ತಿರುಗಿಸಿದ ಕೂಡಲೇ ಇಂಜಿನಿನ ಎಚ್ಚರಿಕೆ ದೀಪ ಹತ್ತಿ, ಸ್ಟಾರ್ಟ್ ಆದ ಬಳಿಕ ಆರಬೇಕು. ಆರದಿದ್ದರೆ ದೋಷ ಇದೆ. ಹತ್ತದೆಯೇ ಇದ್ದರೆ ಯಾರೋ ದೀಪವನ್ನೇ ಕಿತ್ತಿದ್ದಾರೆ, ಅದು ಇನ್ನೂ ಕೆಟ್ಟದ್ದು.

ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3221 ಎಂದರೆ 2021ರ 32ನೇ ವಾರ ತಯಾರಾದದ್ದು. ಪಟ್ಟಿ ಹೊಸತು, ಅಂಕಿ ಹಳತು ಎಂದಾದರೆ ಅದು ರಿಸೋಲ್ ಟಯರ್. ರಿಸೋಲ್ ಕೆಟ್ಟದ್ದಲ್ಲ, ಹೊಸ ಟಯರಿನ ದುಡ್ಡು ಕೊಡಬಾರದು ಅಷ್ಟೆ.

ಬೈಕುಗಳ ಲೋಕದಲ್ಲಿ ಲೆಕ್ಕಾಚಾರಕ್ಕಿಂತ ಪ್ರೀತಿ ಜಾಸ್ತಿ, ಹಾಗಾಗಿ ಮೋಸವೂ ಜಾಸ್ತಿ. ಎಸ್ಕಾರ್ಟ್ಸ್‌ನವರ ಸಹಯೋಗದಲ್ಲಿ 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100ಕ್ಕೆ ಇಂದು ಹುಡುಗರು ಹೊಸ ಬೈಕಿನ ದುಡ್ಡು ಸುರಿಯುತ್ತಾರೆ. 98 ಸಿಸಿ ಇಂಜಿನ್, 11 ಅಶ್ವಶಕ್ತಿ, ಆ ಟೂ-ಸ್ಟ್ರೋಕ್ ಸದ್ದು. ಬೇಡಿಕೆ ಈ ಮಟ್ಟಕ್ಕೆ ಏರಿದಾಗ ಒಂದರ ಇಂಜಿನ್, ಇನ್ನೊಂದರ ಚಾಸಿ, ಮೂರನೆಯದರ ಆರ್‌ಸಿ ಸೇರಿ ಒಂದು ಬೈಕ್ ಹುಟ್ಟುತ್ತದೆ. ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿಯ ಜೊತೆ ಅಕ್ಷರಕ್ಕಕ್ಷರ ತಾಳೆ ನೋಡಿ. ಆರ್‌ಟಿಒ ಕೆಲಸಕ್ಕೆ ಮಾಡುವಂತೆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದರೆ, ಉಜ್ಜಿ ಅಳಿಸಿ ಹೊಸದಾಗಿ ಹೊಡೆದ ಅಂಕಿಯ ಅಂಚು ಕಾಗದದ ಮೇಲೆ ಬೇರೆಯಾಗಿಯೇ ಕಾಣಿಸುತ್ತದೆ.

ನನ್ನ ಪಕ್ಷಪಾತ ಯೆಜ್ದಿಯ ಕಡೆಗೆ. ಅದು ನಮ್ಮ ರಾಜ್ಯದ್ದೇ ಬೈಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬಂತು, ಆಮೇಲೆ ಅದೇ ಯೆಜ್ದಿಯಾಯಿತು. 1996ರಲ್ಲಿ ಬಾಗಿಲು ಮುಚ್ಚಿತು. ಹಳೆಯ ಯೆಜ್ದಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಕೋಲು: ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಬಾಗಿಸಿದರೆ ಗೇರ್. ಗೇರ್ ಲಿವರ್ ಒತ್ತುವಾಗಲೇ ಕ್ಲಚ್ ಅರೆಬರೆ ಬಿಡುವ ವ್ಯವಸ್ಥೆಯೂ ಅದರಲ್ಲಿತ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕೊಳ್ಳುವಾಗ ಆ ಕೋಲಿನ ಹಲ್ಲು ಸವೆದಿದೆಯೇ, ಪಾಯಿಂಟ್ ಸರಿಯಿದೆಯೇ, ಕ್ರ್ಯಾಂಕಿನಲ್ಲಿ ಸದ್ದಿದೆಯೇ ಎಂದು ಕಿವಿಗೊಡಬೇಕು. ಬಿಡಿಭಾಗಗಳು ಇಂದಿಗೂ ಸಿಗುತ್ತವೆ, ಗುಣಮಟ್ಟವನ್ನು ಮಾತ್ರ ಕೈಯಲ್ಲಿ ಹಿಡಿದೇ ತೀರ್ಮಾನಿಸಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಹಾಳು ಮಾಡುತ್ತದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಬೈಕಿನ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಇದರ ಫಲ ಕಾಣುತ್ತದೆ. ಪೆಟ್ರೋಲ್ ಪೈಪು, ಕಾರ್ಬುರೇಟರಿನ ವಾಷರುಗಳನ್ನು ಕೊಂಡ ವಾರವೇ ಬದಲಾಯಿಸುವುದು ಜಾಣತನ.

ಹಳೆಯದನ್ನು ಹೇಗಿತ್ತೋ ಹಾಗೆಯೇ ಉಳಿಸುವ ಕಲೆಯನ್ನು ನೋಡಲು ಇಲ್ಲಿಂದ ದೂರ ಹೋಗಬೇಕಿಲ್ಲ, ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದರಾಯಿತು. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರು, ಬೈಕುಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು.

ಮೂಲರೂಪ ಕೆಡಿಸುವುದೇ ಹೆಚ್ಚಿನವರ ಉಮೇದು ಎಂಬುದು ಬೇರೆ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೆ ಅಡ್ಡ ನಿಂತಿದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಡಿಸಿ ಹೇಳಿತು: ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡು ಕೂಡದು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಅಗಲ ಟಯರು, ಎತ್ತರಿಸಿದ ಜೀಪು, ಮುಂದಿನ ಕಬ್ಬಿಣದ ಗಾರ್ಡು, ಕಿವಿ ಹರಿಯುವ ಸೈಲೆನ್ಸರು ಎಲ್ಲವೂ ಇದರಡಿ ಬೀಳಬಹುದು. ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲಿ ದಾಖಲಾಗಬೇಕು. ಇಂಜಿನ್ ಬದಲಾಯಿಸುವುದಕ್ಕೆ, ಸಿಎನ್‌ಜಿ ಕಿಟ್ ಹಾಕಿಸುವುದಕ್ಕೆ, ಅಂಗವಿಕಲರಿಗೆ ಅನುಕೂಲವಾಗುವಂತೆ ಗಾಡಿ ತಿದ್ದುವುದಕ್ಕೆ ದಾರಿ ಇದೆ, ಅನುಮತಿ ಮೊದಲು ಪಡೆಯಬೇಕು. ಮಲೆನಾಡ ಅಂಚಿನ ನಮ್ಮವರಿಗೆ ಜೀಪಿನ ಹುಚ್ಚು ಇರುವುದರಿಂದ ಇನ್ನೊಂದು ಮಾತು. ಹರಿಯಾಣದ ಡಬ್ವಾಲಿಯಂಥ ಕಡೆ ಗುಜರಿ ಭಾಗಗಳಿಂದ ಕಟ್ಟಿದ ಜೀಪುಗಳು ಕಣ್ಣಿಗೆ ಚಂದ, ಕಾಗದ ಮಾತ್ರ ಯಾವುದೋ ಸತ್ತ ಗಾಡಿಯದ್ದಾಗಿರಬಹುದು. ನಿಜವಾಗಿ ಮಾಡಿಸಬೇಕಾದ ಮಾರ್ಪಾಡು ಚಂದ ಕಾಣದಂಥದ್ದು: ಚಾಸಿಗೆ ತುಕ್ಕು ನಿರೋಧಕ ಲೇಪ, ಹೊಸ ವಯರಿಂಗ್, ಒಳ್ಳೆಯ ಬ್ರೇಕ್ ಲೈನರ್.

ಇನ್ನು ಕಾಗದ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಆಗಬೇಕು. ಎಫ್‌ಸಿ ಮುಗಿಯಲು ತಿಂಗಳಿರುವಾಗ ಅಗ್ಗಕ್ಕೆ ಕೊಡುವವರ ಉದ್ದೇಶ ಊಹಿಸುವುದು ಕಷ್ಟವಲ್ಲ. ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷ, ನಂತರ ಐದೈದು ವರ್ಷಕ್ಕೆ ನವೀಕರಣ. ಸಾಲ ತೀರಿದ್ದರೆ ಸಾಲದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಿರಬೇಕು. ಅದಕ್ಕೆ ಫಾರಂ 35. ಮಾರಾಟಕ್ಕೆ ಫಾರಂ 29 ಮತ್ತು 30. ಕಾಸರಗೋಡಿನ ಗಾಡಿಯಾದರೆ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಕೆಎ ನಂಬರ್ ಮಾಡಿಸಿ ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಆ ಲೆಕ್ಕ ಮೊದಲೇ ಹಾಕಿದರೆ ಗಡಿಯಾಚೆಯ ಅಗ್ಗ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.

“ಹೆಸರು ಆಮೇಲೆ ಬದಲಾಯಿಸಿದರಾಯ್ತು ಮಾರಾಯ್ರೆ” ಎಂಬ ಮಾತಿಗೆ ಕೊಳ್ಳುವವರಿಗಿಂತ ಮಾರುವವರು ಹೆದರಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಎಷ್ಟು ಕೈ ದಾಟಿದ್ದರೂ ಸರಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಕಚೇರಿಗೆ ತಿಳಿಸಬೇಕು. ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಮಾಡಿಸಲು ಕೊಂಡವರಿಗೆ ಇರುವುದೂ 14 ದಿನ. ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆಗೇ ಬರುತ್ತದೆ. ಆದರೆ ಹೆಸರು ಬದಲಾಗದೆ ಗಾಡಿಗೆ ಏಟಾದರೆ ಅದರ ರಿಪೇರಿ ಖರ್ಚು ಕೊಂಡವರ ತಲೆಗೇ ಬರುತ್ತದೆ. ಮಾರುವವರು “ನೋ ಕ್ಲೇಮ್ ಬೋನಸ್ ಐವತ್ತು ಪರ್ಸೆಂಟ್ ಉಂಟು” ಎಂದು ಅದಕ್ಕೂ ರೇಟು ಏರಿಸಲು ನೋಡಿದರೆ ಒಪ್ಪಬೇಡಿ. ಆ ಬೋನಸ್ ಗಾಡಿಯದ್ದಲ್ಲ, ಅವರದ್ದು. ಅವರ ಜೊತೆಗೇ ಹೋಗುತ್ತದೆ.