ಫೀಸು ಕೇಳದ ಮೇಷ್ಟ್ರು ಸಿಕ್ಕರೆ ಬಿಡ್ತೀರಾ?

ಮಾರ್ಚ್ ಬಂತೆಂದರೆ ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಹೊಸದೊಂದು ಗಡಿಬಿಡಿ ಶುರುವಾಗುತ್ತದೆ. ರಾತ್ರಿ ಹನ್ನೆರಡಾದರೂ ಮಗಳ ಕೋಣೆಯ ದೀಪ ಆರಿರುವುದಿಲ್ಲ. 'ಏನೇ ಅದು, ಇಂಟರ್ನಲ್ಸಾ?' ಅಂತ ಕೇಳಿದರೆ, 'ಅಲ್ಲಮ್ಮ, ಪ್ರಪೋಸಲ್ ಬರೀತಿದೀನಿ' ಅನ್ನುತ್ತಾಳೆ. ಪ್ರಪೋಸಲ್ ಅಂದ ಕೂಡಲೇ ನಿಮ್ಮ ಎದೆ ಧಸಕ್ಕೆಂದರೆ ತಪ್ಪೇನಿಲ್ಲ ಬಿಡಿ! ಆದರೆ ಇದು ಆ ಪ್ರಪೋಸಲ್ ಅಲ್ಲ. ಅವಳು ಬಹುಶಃ 'ಗೂಗಲ್ ಸಮ್ಮರ್ ಆಫ್ ಕೋಡ್'ಗೆ ಅರ್ಜಿ ತಯಾರು ಮಾಡುತ್ತಿದ್ದಾಳೆ.

2005ರಲ್ಲಿ ಶುರುವಾದ ಯೋಜನೆ ಇದು. ಮೊದಲ ವರ್ಷ ಆಯ್ಕೆಯಾದವರು 400 ಚಿಲ್ಲರೆ ವಿದ್ಯಾರ್ಥಿಗಳು. ಈಗ ಆ ಲೆಕ್ಕ ನೂರಕ್ಕೂ ಹೆಚ್ಚು ದೇಶಗಳ 20 ಸಾವಿರ ಮಂದಿಯನ್ನು ದಾಟಿದೆ. ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಜನ ಆಯ್ಕೆಯಾಗುತ್ತಿರುವುದು ನಮ್ಮ ದೇಶದಿಂದಲೇ. ಹೆಸರಿನಲ್ಲಿ ಗೂಗಲ್ ಇದ್ದರೂ ಮಕ್ಕಳು ಗೂಗಲ್‌ಗಾಗಿ ಕೆಲಸ ಮಾಡುವುದಿಲ್ಲ. ಗೂಗಲ್ ದುಡ್ಡು ಕೊಡುತ್ತದೆ, ಕೆಲಸ ಕಲಿಸುವವರು ಬೇರೆ ಬೇರೆ ಓಪನ್ ಸೋರ್ಸ್ ತಂಡದವರು.

ಓಪನ್ ಸೋರ್ಸ್ ಅಂದರೇನು ಅಂತೀರಾ? ಕಂಪ್ಯೂಟರಿನಲ್ಲಿ ಸಿನಿಮಾ ನೋಡುವಾಗ ಕಿತ್ತಳೆ-ಬಿಳಿ ಪಟ್ಟೆಯ ಒಂದು ಚಿತ್ರ ಒತ್ತುತ್ತೀರಲ್ಲ, ರಸ್ತೆ ಅಗೆಯುವಾಗ ಅಡ್ಡ ಇಡುತ್ತಾರಲ್ಲ ಆ ಥರದ್ದು, ಅದು ವಿಎಲ್‌ಸಿ. ಅದನ್ನು 1996ರಲ್ಲಿ ಪ್ಯಾರಿಸ್‌ನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಶುರು ಮಾಡಿದರು. 2001ರಲ್ಲಿ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಹೋಟೆಲಿನವರು ಸಾಂಬಾರ್ ಬಡಿಸುತ್ತಾರೆ, ಪುಡಿಯ ಅಳತೆ ಮಾತ್ರ ಹೇಳುವುದಿಲ್ಲ. ಅದೇ ನಿಮ್ಮ ಅತ್ತಿಗೆ ಆದರೆ ಚೀಟಿಯಲ್ಲಿ ಬರೆದೇ ಕೊಡುತ್ತಾರೆ. ನೀವು ಒಂದು ಚಮಚ ಮೆಂತ್ಯ ಕಮ್ಮಿ ಮಾಡಿ, ರುಚಿ ಹೆಚ್ಚಾಯಿತು ಅಂತ ಫೋನ್ ಮಾಡಿದರೆ ಅವರೂ ತಮ್ಮ ಚೀಟಿ ತಿದ್ದಿಕೊಳ್ಳುತ್ತಾರೆ. ಓಪನ್ ಸೋರ್ಸ್ ನಡೆಯುವುದೇ ಹೀಗೆ. ವಿಕಿಪೀಡಿಯ ನಡೆಯುವ ತಂತ್ರಾಂಶ, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲವೂ ಈ ಜಾತಿಯವೇ.

ಅವರಿಗೇನು ಲಾಭ?

ನಮಗೆ ಹೆಂಗಸರಿಗೆ ಮೊದಲು ಬರುವ ಅನುಮಾನ ಇದೇ. ಗುರುತು ಪರಿಚಯ ಇಲ್ಲದ ಜರ್ಮನಿಯವನೋ ಬ್ರೆಜಿಲ್‌ನವಳೋ ನಮ್ಮ ಮಗಳಿಗೆ ಪುಕ್ಕಟೆ ಯಾಕೆ ಕಲಿಸಬೇಕು? ಮೆಂಟರ್ ಅಂತ ಕರೆಸಿಕೊಳ್ಳುವ ಇವರಲ್ಲಿ ಬಹಳ ಮಂದಿ ಹಗಲು ಬೇರೆಲ್ಲೋ ಕೆಲಸ ಮಾಡಿ, ಸಂಜೆಯ ಬಿಡುವಿನಲ್ಲಿ ಇದನ್ನು ಮಾಡುವವರು. ಗೂಗಲ್ ಅವರಿಗೆ ಸಂಬಳ ಕೊಡುವುದಿಲ್ಲ.

ಒಂದು ಮಾತು ಯೋಚಿಸಿ. ಮಗಳಿಗೆ ಚಪಾತಿ ಲಟ್ಟಿಸುವುದನ್ನು ಕಲಿಸುವಷ್ಟರಲ್ಲಿ ನೀವೇ ಇಪ್ಪತ್ತು ಚಪಾತಿ ಮಾಡಿ ಮುಗಿಸಿರುತ್ತೀರಿ, ಅಲ್ವಾ? ಆದರೂ ಕಲಿಸುತ್ತೀರಿ, ನಾಳೆ ಅವಳ ಕೈಗೆ ಬರಲಿ ಅಂತ. ಮೆಂಟರ್‌ಗಳ ಲೆಕ್ಕವೂ ಅದೇ. ಹಳಬರಿಗೆ ಮದುವೆ, ಮಕ್ಕಳು, ನೌಕರಿಯ ಒತ್ತಡ ಹೆಚ್ಚಾಗಿ ಒಬ್ಬೊಬ್ಬರೇ ಬಿಟ್ಟುಹೋಗುತ್ತಿರುತ್ತಾರೆ. ಹೊಸ ಕೈ ಸೇರದಿದ್ದರೆ ಎಷ್ಟು ಒಳ್ಳೆಯ ಪ್ರಾಜೆಕ್ಟಾದರೂ ನಿಂತುಹೋಗುತ್ತದೆ. ಆದ್ದರಿಂದ ಮೂರು ತಿಂಗಳು ಕೆಲಸ ಮಾಡಿ ಸರ್ಟಿಫಿಕೇಟ್ ತಗೊಂಡು ಓಡುವವಳಿಗಿಂತ ಆಮೇಲೂ ಜೊತೆಗೆ ನಿಲ್ಲುವವಳು ಅವರಿಗೆ ಬೇಕು.

ಇದು ಗೊತ್ತಿದ್ದರೆ ಅರ್ಜಿ ಬರೆಯುವ ರೀತಿಯೇ ಬದಲಾಗುತ್ತದೆ. ಮಾರ್ಕ್ಸ್ ಕಾರ್ಡಿಗೆ ಇಲ್ಲಿ ಅಂಥ ಬೆಲೆ ಇಲ್ಲ. ಪಟ್ಟಿಯಲ್ಲಿರುವ ತಂಡವೊಂದನ್ನು ಆರಿಸಿಕೊಳ್ಳಬೇಕು, ಅವರ ತಂತ್ರಾಂಶವನ್ನು ತಾನೇ ಬಳಸಿ ನೋಡಬೇಕು, ಸಣ್ಣದೊಂದು ತಪ್ಪು ಹುಡುಕಿ ಸರಿಮಾಡಿ ಕಳಿಸಬೇಕು. ಅದು ಸಾಮಾನ್ಯವಾಗಿ ಮೊದಲ ಸಲಕ್ಕೇ ಒಪ್ಪಿಗೆಯಾಗುವುದಿಲ್ಲ. 'ಇಲ್ಲಿ ಹೀಗೆ ಬೇಡ, ಅಲ್ಲಿ ಹೆಸರು ಬದಲಿಸು' ಅಂತ ವಾಪಸ್ ಬರುತ್ತದೆ, ಅದೂ ಎಲ್ಲರಿಗೂ ಕಾಣುವ ಹಾಗೆ. ಮತ್ತೆ ತಿದ್ದಿ ಕಳಿಸಬೇಕು. ಹೀಗೆ ಬೇಸರಿಸದೆ ತಿದ್ದುವವರ ಮೇಲೆ ಮೆಂಟರ್‌ಗಳ ಕಣ್ಣು ಬೀಳುತ್ತದೆ. ಗಡುವಿನ ಹಿಂದಿನ ದಿನ ಚಾಟ್‌ಜಿಪಿಟಿಯಿಂದ ಬರೆಸಿ ಕಳಿಸಿದ ಅಂದವಾದ ಅರ್ಜಿಗಿಂತ, ಎರಡು ತಿಂಗಳು ಮುಂಚೆ ತಿದ್ದಿದ ನಾಲ್ಕು ಸಾಲಿನ ಕೋಡಿಗೆ ಹೆಚ್ಚು ತೂಕ. ನಿಮ್ಮ ಮಗಳು ಮಾರ್ಚ್ ಕೊನೆಗೆ ಶುರು ಮಾಡುವವಳಾದರೆ ಈಗಲೇ ಎಚ್ಚರಿಸಿ.

ಈ ವಿಷಯದಲ್ಲಿ ಶ್ರೀಲಂಕಾದ ಮಕ್ಕಳನ್ನು ಮೆಚ್ಚಬೇಕು. ಯೋಜನೆಯ ಮೊದಲ ಹತ್ತು ವರ್ಷಗಳಲ್ಲಿ ಇಡೀ ಜಗತ್ತಿನಲ್ಲೇ ಅತಿ ಹೆಚ್ಚು ವಿದ್ಯಾರ್ಥಿಗಳು ಆಯ್ಕೆಯಾದದ್ದು ಅಮೆರಿಕದ ಯಾವುದೋ ದೊಡ್ಡ ಹೆಸರಿನ ವಿಶ್ವವಿದ್ಯಾಲಯದಿಂದಲ್ಲ, ಕೊಲಂಬೊ ಪಕ್ಕದ ಮೊರಟುವ ವಿಶ್ವವಿದ್ಯಾಲಯದಿಂದ!

181 ಅರ್ಜಿ, ಒಬ್ಬಳೂ ಇಲ್ಲ

2006ರಲ್ಲಿ ಒಂದು ಸಂಗತಿ ನಡೆಯಿತು. ಗ್ನೋಮ್ ಎಂಬ ಓಪನ್ ಸೋರ್ಸ್ ತಂಡಕ್ಕೆ ಆ ವರ್ಷದ ಸಮ್ಮರ್ ಆಫ್ ಕೋಡ್‌ಗೆ 181 ಅರ್ಜಿ ಬಂದವು. ಅದರಲ್ಲಿ ಹುಡುಗಿಯರ ಅರ್ಜಿ ಎಷ್ಟು ಗೊತ್ತಾ? ಸೊನ್ನೆ. 'ಹುಡುಗಿಯರಿಗೆ ಆಸಕ್ತಿ ಇಲ್ಲ' ಅಂತ ಕೈತೊಳೆದುಕೊಳ್ಳುವುದು ಸುಲಭವಿತ್ತು. ತಂಡದವರು ಹಾಗೆ ಮಾಡದೆ, ಹೆಣ್ಣುಮಕ್ಕಳಿಗಾಗಿಯೇ ಬೇರೆ ಯೋಜನೆ ಪ್ರಕಟಿಸಿದರು. ಆಗ ನೂರಕ್ಕೂ ಹೆಚ್ಚು ಹುಡುಗಿಯರು ಅರ್ಜಿ ಹಾಕಿದರು, ಆರು ಮಂದಿಯನ್ನು ಆರಿಸಿಕೊಂಡರು. ಅದೇ ವರ್ಷ, ಅದೇ ತಂಡ! ಆಸಕ್ತಿ ಇತ್ತು, 'ನೀನೂ ಬಾಮ್ಮ' ಅನ್ನುವವರು ಇರಲಿಲ್ಲ, ಅಷ್ಟೇ.

ಆ ಪ್ರಯತ್ನ ಬೆಳೆದು ಈಗ 'ಔಟ್‌ರೀಚಿ' ಎಂಬ ಹೆಸರಿನಲ್ಲಿದೆ. ಹೆಂಗಸರಷ್ಟೇ ಅಲ್ಲ, ತಂತ್ರಜ್ಞಾನದಲ್ಲಿ ಅವಕಾಶ ಸಿಗದೆ ಹಿಂದುಳಿದ ಎಲ್ಲರಿಗೂ ಅದು ಬಾಗಿಲು ತೆರೆದಿದೆ. ಮೂರು ತಿಂಗಳು, ಮನೆಯಿಂದಲೇ ಕೆಲಸ, ವಾರಕ್ಕೆ 30 ಗಂಟೆ. 2023ರ ಸರದಿಗಳಲ್ಲಿ ಕೊಟ್ಟ ಸ್ಟೈಪೆಂಡ್ 7,000 ಡಾಲರ್.

ಇಲ್ಲಿ ನೀವು ಗಮನಿಸಬೇಕಾದ ಒಂದು ವಿಷಯವಿದೆ. ಔಟ್‌ರೀಚಿಗೆ ವಿದ್ಯಾರ್ಥಿಯೇ ಆಗಿರಬೇಕು ಅಂತಿಲ್ಲ, 18 ವರ್ಷ ತುಂಬಿರಬೇಕು. ಸಮ್ಮರ್ ಆಫ್ ಕೋಡ್ ಕೂಡ 2022ರಿಂದ ಓಪನ್ ಸೋರ್ಸ್‌ಗೆ ಹೊಸಬರಾದ 18 ತುಂಬಿದವರಿಗೆಲ್ಲ ತೆರೆದಿದೆ. ಅಂದರೆ, ಬಿಸಿಎ ಮಾಡಿ ಎರಡು ವರ್ಷ ಕೆಲಸಕ್ಕೆ ಹೋಗಿ, ಮಗು ಆಯಿತೆಂದು ಬಿಟ್ಟು ಮನೆಯಲ್ಲಿರುವ ನಿಮ್ಮ ತಂಗಿ? ನಾದಿನಿ? ಅಥವಾ... ನೀವೇ? 'ಈ ವಯಸ್ಸಲ್ಲಿ ನನಗ್ಯಾರು ಕೊಡ್ತಾರೆ' ಅಂತ ಗೊಣಗುವ ಮೊದಲು ನಿಯಮಗಳನ್ನು ಒಮ್ಮೆ ಓದಿ.

ಕೋಡ್ ಬರೆಯಲು ಬಾರದ ನನ್ನಂಥ ಬಿಎ ಪದವೀಧರೆಯರು ಬೇಸರಪಡಬೇಕಿಲ್ಲ. ತಂತ್ರಾಂಶದ ಪರದೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೂ ಈ ತಂಡಗಳಿಗೆ ಜನ ಬೇಕು. ವಿಕಿಪೀಡಿಯದ ತಂತ್ರಾಂಶಕ್ಕೆ ಈ ಕೆಲಸ ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ನಡೆಯುತ್ತದೆ. ಇದಕ್ಕೆ ದುಡ್ಡು ಸಿಗುವುದಿಲ್ಲ. ಆದರೆ ಮಧ್ಯಾಹ್ನದ ಧಾರಾವಾಹಿಗಿಂತ ಚೆನ್ನಾಗಿ ಹೊತ್ತು ಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ!

ಕಲಿಯಲು ಇಂಗ್ಲಿಷ್ ತೊಡಕಾಗುವ ಮಕ್ಕಳಿಗೆ ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳು ಕನ್ನಡದಲ್ಲೂ ಇವೆ, ಪುಕ್ಕಟೆ. ಅಲ್ಲಿನದೇ ಫಾಸ್ಸೀ ಎಂಬ ಯೋಜನೆ ಓಪನ್ ಸೋರ್ಸ್ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಫೆಲೋಶಿಪ್ ಕೊಟ್ಟು ಸೇರಿಸಿಕೊಳ್ಳುತ್ತದೆ.

ಮನೆಯಲ್ಲಿ ಏನು ಮಾಡಬೇಕು?

ಆಯ್ಕೆಯಾದವರ ಹೆಸರು ಬರುವುದು ಮೇ ತಿಂಗಳಲ್ಲಿ. ಮೊದಲ ಕೆಲವು ವಾರ ತಂಡದವರ ಪರಿಚಯ, ಆಮೇಲೆ ಕೆಲಸ. ಸಮ್ಮರ್ ಅನ್ನುವುದು ಅವರ ದೇಶದ ಲೆಕ್ಕ. ನಮ್ಮಲ್ಲಿ ಆಗ ಮದುವೆ, ಗೃಹಪ್ರವೇಶ, ಅದರ ಬೆನ್ನಿಗೇ ಸೆಮಿಸ್ಟರ್ ಪರೀಕ್ಷೆ. ಮಗನಾದರೆ 'ಅವನಿಗೆ ಕೆಲಸ ಇದೆ' ಅಂತ ಬಿಟ್ಟುಬಿಡುತ್ತೇವೆ. ಮಗಳಾದರೆ? 'ಲ್ಯಾಪ್‌ಟಾಪ್ ಮುಚ್ಚಿಡು, ಚಿಕ್ಕಮ್ಮನ ಮನೆಯವರು ಬಂದಿದ್ದಾರೆ, ಕಾಫಿ ಮಾಡು.' ವಾರಕ್ಕೆ 30 ಗಂಟೆ ಅಂದರೆ ಭಾನುವಾರ ಬಿಟ್ಟು ದಿನಕ್ಕೆ ಐದು ಗಂಟೆ. ಈ ಐದು ಗಂಟೆ ಅವಳಿಗೆ ಯಾರು ಕೊಡುತ್ತಾರೆ? ಮೆಂಟರ್ ಕೊಡಲಾರರು, ಕಾಲೇಜೂ ಕೊಡದು. ಮನೆಯಲ್ಲಿ ಅದನ್ನು ಬಿಡಿಸಿಕೊಡಬೇಕಾದವರು ನೀವೇ.

ಇನ್ನೊಂದು, ರಾತ್ರಿ ಮಾತುಕತೆ. ಜರ್ಮನಿಯ ಮೆಂಟರ್ ಆಫೀಸಿನಿಂದ ಬಂದು ಊಟ ಮುಗಿಸಿ ಎಂಟಕ್ಕೆ ಕೂತರೆ ನಮ್ಮಲ್ಲಿ ಹನ್ನೊಂದೂವರೆ. ಆ ಹೊತ್ತಲ್ಲಿ ಗಂಡಸಿನ ದನಿ ಕೇಳಿಸಿತೆಂದು ಅಜ್ಜಿ ಗಾಬರಿಯಾಗಬಹುದು! ಮೊದಲೇ ಎಲ್ಲರಿಗೂ ಹೇಳಿಡಿ. ಹಾಗಂತ ಕಣ್ಣು ಮುಚ್ಚಿಕೊಳ್ಳುವುದೂ ಬೇಡ. ಈ ತಂಡಗಳ ಮಾತುಕತೆ ಬಹುಪಾಲು ಎಲ್ಲರೂ ಓದುವಂಥ ಜಾಗದಲ್ಲೇ ನಡೆಯುತ್ತದೆ. ಯಾರಾದರೂ ಕೆಲಸ ಬಿಟ್ಟು ಬೇರೆ ಮಾತು ತೆಗೆದರೆ ದೂರು ಕೊಡುವ ವ್ಯವಸ್ಥೆ ಎರಡೂ ಯೋಜನೆಗಳಲ್ಲಿದೆ ಅಂತ ಮಗಳಿಗೆ ಗೊತ್ತಿರಲಿ.

ನೆನಪಿಡಿ, ಎರಡಕ್ಕೂ ಅರ್ಜಿ ಶುಲ್ಕ ಇಲ್ಲ. 'ಸೀಟು ಗ್ಯಾರಂಟಿ, ಇಷ್ಟು ಕಟ್ಟಿ' ಅಂದವರಿಂದ ದೂರವಿರಿ. ನಮ್ಮ ಬೀದಿಯ ಒಬ್ಬರು ಮಗನ 'ಇಂಟರ್ನ್‌ಶಿಪ್'ಗೆ ಎಂಟು ಸಾವಿರ ಕಟ್ಟಿ, ಕೊನೆಗೆ ಸಿಕ್ಕಿದ್ದು ಬಣ್ಣದ ಒಂದು ಸರ್ಟಿಫಿಕೇಟ್ ಮಾತ್ರ. ಇಲ್ಲಿ ದುಡ್ಡು ಬರುವುದು ಆ ಕಡೆಯಿಂದ. ಸಮ್ಮರ್ ಆಫ್ ಕೋಡ್‌ನಲ್ಲಿ ಮೊತ್ತ ದೇಶಕ್ಕೆ ತಕ್ಕಂತೆ. 2023ರಲ್ಲಿ ಭಾರತದವರಿಗೆ 175 ಗಂಟೆಯ ಕೆಲಸಕ್ಕೆ 1,500, 350 ಗಂಟೆಯದಕ್ಕೆ 3,000 ಡಾಲರ್ ಇತ್ತು. ಒಂದು ಭಾಗ ನಡುವಿನ ಮೌಲ್ಯಮಾಪನ ಪಾಸಾದ ಮೇಲೆ, ಉಳಿದದ್ದು ಕೊನೆಗೆ.

ಆಯ್ಕೆಯಾಗದಿದ್ದರೆ? ಆಗದವರೇ ಹೆಚ್ಚು. ನನ್ನ ಅಕ್ಕನ ಮಗಳು ಮೂರನೇ ವರ್ಷದಲ್ಲಿ ಅರ್ಜಿ ಹಾಕಿದ್ದಳು, ಆಗಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು ಕೂತಳು. ಮೂರನೇ ದಿನ ಮೆಂಟರ್ ಬರೆದಿದ್ದರು: 'ನೀನು ಸರಿಮಾಡಿದ್ದು ಮುಂದಿನ ಆವೃತ್ತಿಯಲ್ಲಿ ಸೇರಿದೆ, ಅರ್ಧಕ್ಕೆ ನಿಲ್ಲಿಸಿದ ಇನ್ನೊಂದನ್ನು ಮುಗಿಸುತ್ತೀಯಾ?' ಅವಳು ಮುಗಿಸಿದಳು. ನೌಕರಿಯ ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಿದ್ದು ಅದರ ಬಗ್ಗೆಯೇ ಅಂತೆ. ಈಗಲೂ ಶನಿವಾರ ಬೆಳಿಗ್ಗೆ ಆ ಪ್ರಾಜೆಕ್ಟಿಗೇ ಮೀಸಲು. 'ಇವತ್ತು ಶನಿವಾರ, ಎಣ್ಣೆಸ್ನಾನ ಮಾಡೇ' ಅಂದರೆ 'ಹನ್ನೊಂದಾಗಲಿ ಇರಮ್ಮ' ಅಂತಾಳೆ.

ಕೊನೆಗೊಂದು ಸಣ್ಣ ಕೆಲಸ, ಇದನ್ನು ಇವತ್ತೇ ಮಾಡಿ. ಬೀರುವಿನಿಂದ ಮಗಳ ಆಧಾರ್, ಪಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು ಇರುವುದು ನಮ್ಮ ಕಡೆ ಮಾಮೂಲು. ವಿದೇಶದಿಂದ ಹಣ ಬರುವಾಗ ಹೆಸರು ತಾಳೆಯಾಗದಿದ್ದರೆ ತಕರಾರು ಬರುತ್ತದೆ. ಸರಿಮಾಡಿಸಲು ವಾರಗಟ್ಟಲೆ ಬೇಕು, ಮೇ ತಿಂಗಳವರೆಗೆ ಕಾಯಬೇಡಿ.