ಕಡಲತಳಕ್ಕೇ ಇಳಿಯುವ ರಿಗ್

ಸಮುದ್ರತಳದ ಮಾದರಿ ತೆಗೆಯಲು ಬಹುಕಾಲದಿಂದ ಎರಡು ದಾರಿಗಳಿದ್ದವು. ಒಂದು ಅಗ್ಗದ್ದು: ತೂಕ ಕಟ್ಟಿದ ಉಕ್ಕಿನ ಕೊಳವೆಯನ್ನು ಹಡಗಿನಿಂದ ಇಳಿಬಿಟ್ಟು ಹೂಳಿಗೆ ನಾಟಿಸುವುದು. ಮೆತ್ತನೆ ಕೆಸರಿದ್ದರೆ ಕೆಲವು ಮೀಟರ್ ಉದ್ದದ ಮಾದರಿ ಸಿಗುತ್ತದೆ. ಗಟ್ಟಿ ಮರಳೋ ಬಂಡೆಯೋ ಎದುರಾದರೆ ಕೊಳವೆ ಅಲ್ಲೇ ನಿಲ್ಲುತ್ತದೆ. ಇನ್ನೊಂದು ತೀರಾ ದುಬಾರಿಯದು, ಕೊರೆಯುವ ಹಡಗು. ಇವೆರಡರ ನಡುವಿನ ಕೆಲಸಕ್ಕೆ ಬಂದದ್ದು ದೂರನಿಯಂತ್ರಿತ ರಿಗ್. ಇದು ಹಡಗಿನ ಮೇಲೆ ನಿಲ್ಲುವುದಿಲ್ಲ, ತಾನೇ ತಳಕ್ಕಿಳಿದು ಕೂತು ಕೊರೆಯುತ್ತದೆ.

ಬೆಂಗಳೂರಿನ ಜೆ.ಪಿ. ನಗರ, ಬನಶಂಕರಿಯ ಬೀದಿಗಳಲ್ಲಿ ಗುಡುಗುವ ಬೋರ್‌ವೆಲ್ ಲಾರಿಗೆ ಬೇಕಾದದ್ದು ತೂತು ಮಾತ್ರ. ಬಂಡೆ ಪುಡಿಯಾಗಿ ಗಾಳಿಯ ಒತ್ತಡಕ್ಕೆ ಮೇಲೆ ಚಿಮ್ಮುತ್ತದೆ. ಭೂವಿಜ್ಞಾನಿಗೆ ಬೇಕಾದದ್ದು ಆ ತೂತಿನಲ್ಲಿದ್ದ ಕಲ್ಲು. ಅದಕ್ಕಾಗಿ ನಡುವೆ ಟೊಳ್ಳಾದ, ಅಂಚಿನಲ್ಲಿ ವಜ್ರದ ಹರಳುಗಳಿರುವ ಬಿಟ್‌ನಿಂದ ಸುತ್ತ ಕೊರೆದು, ಒಳಗುಳಿದ ಕಂಬವನ್ನು ಇಡಿಯಾಗಿ ತೆಗೆಯುತ್ತಾರೆ. ಅದೇ ಕೋರ್. ಕುಮಾರಸ್ವಾಮಿ ಲೇಔಟ್‌ನಲ್ಲಿ ಕರ್ನಾಟಕ–ಗೋವಾ ಘಟಕವಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೆ ನೆಲದ ಮೇಲೆ ಇದು ದಿನನಿತ್ಯದ ಕೆಲಸ. ಅದೇ ಸಂಸ್ಥೆಯ ಸಾಗರ ವಿಭಾಗ ಮಂಗಳೂರಿನಲ್ಲಿದೆ; 2013ರಲ್ಲಿ ಸೇರಿದ 'ಸಮುದ್ರ ರತ್ನಾಕರ' ಅದರ ದೊಡ್ಡ ಸಂಶೋಧನಾ ನೌಕೆ. ಕಾರವಾರ, ಮಂಗಳೂರು ಕರಾವಳಿಯಾಚೆ ಫಾಸ್ಫೇಟ್ ಹೆಚ್ಚಿರುವ ಹೂಳು ಇರುವುದನ್ನು ಸರ್ವೇಕ್ಷಣಾಲಯ 2017ರಲ್ಲಿ ಪ್ರಕಟಿಸಿತು.

ಕಡಲಿನಲ್ಲಿ ತೊಡಕು ಆಳಕ್ಕಿಂತ ಹೆಚ್ಚಾಗಿ ಅಲೆಯದು. 2015ರಲ್ಲಿ 'ಜಾಯ್ಡಿಸ್ ರೆಸಲ್ಯೂಷನ್' ಹಡಗು ಅರಬ್ಬಿ ಸಮುದ್ರದ ಲಕ್ಷ್ಮೀ ಜಲಾನಯನದಲ್ಲಿ ಕೊರೆದಾಗ ನೀರೇ ಸುಮಾರು 3,640 ಮೀಟರ್ ಆಳವಿತ್ತು. ತಳ ಮುಟ್ಟುವ ಮೊದಲೇ ಅಷ್ಟುದ್ದದ ಪೈಪು ತೂಗಬೇಕು. ಹಡಗು ಏರಿಳಿದಂತೆ ಪೈಪೂ ಏರಿಳಿಯುತ್ತದೆ, ಬಿಟ್ ಮೇಲಿನ ಒತ್ತಡ ತಪ್ಪುತ್ತದೆ, ಕೋರ್ ಕದಡುತ್ತದೆ. ಏರಿಳಿತವನ್ನು ಸರಿದೂಗಿಸುವ ಸಾಧನಗಳಿದ್ದರೂ ಅದು ಪೂರ್ತಿ ನಿಲ್ಲುವುದಿಲ್ಲ. ತಳದಲ್ಲಿ ಕೂತ ರಿಗ್‌ಗೆ ಈ ಕಾಟವಿಲ್ಲ.

ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯದ ಮಾರುಮ್ ಕೇಂದ್ರ 2005ರಿಂದ ಬಳಸುತ್ತಿರುವ 'ಮೇಬೋ' ಇದಕ್ಕೆ ಒಳ್ಳೆಯ ಮಾದರಿ. ತೂಕ ಸುಮಾರು 10 ಟನ್. ಆರು ಕಂಟೇನರ್‌ಗಳಲ್ಲಿ ತುಂಬಿ ಯಾವ ಬಂದರಿಗಾದರೂ ಒಯ್ಯಬಹುದು. ಒಂದೇ ದಪ್ಪ ಕೇಬಲ್ ಅದನ್ನು ಇಳಿಸುತ್ತದೆ, ವಿದ್ಯುತ್ ಕೊಡುತ್ತದೆ, ಆಪ್ಟಿಕಲ್ ಫೈಬರ್ ಮೂಲಕ ಕ್ಯಾಮೆರಾ ದೃಶ್ಯಗಳನ್ನು ಮೇಲೆ ಕಳಿಸುತ್ತದೆ. ತಳ ಮುಟ್ಟಿದ ಮೇಲೆ ರಿಗ್ ಕಾಲು ಚಾಚಿ ಮಟ್ಟಸವಾಗಿ ನಿಲ್ಲುತ್ತದೆ. ಪೈಪುಗಳೂ ಖಾಲಿ ಕೋರ್ ಕೊಳವೆಗಳೂ ಪಕ್ಕದ ಗೂಡುಗಳಲ್ಲಿ ಜೋಡಿಸಿರುತ್ತವೆ. ಯಾಂತ್ರಿಕ ತೋಳು ಒಂದೊಂದಾಗಿ ಎತ್ತಿಕೊಡುತ್ತದೆ, ತುಂಬಿದ ಕೊಳವೆಯನ್ನು ಮರಳಿ ಗೂಡಿಗಿಡುತ್ತದೆ. ಚಾಲಕರು ಹಡಗಿನ ಕೋಣೆಯಲ್ಲಿ ಪರದೆ ನೋಡುತ್ತಾ ಇದನ್ನೆಲ್ಲ ನಡೆಸುತ್ತಾರೆ. ಗೂಡಿನಲ್ಲಿ ಹಿಡಿಸುವ ಪೈಪಿನಷ್ಟೇ ರಂಧ್ರದ ಆಳ: ಮೊದಲ ಯಂತ್ರಕ್ಕೆ ಸುಮಾರು 70 ಮೀಟರ್, 2014ರ ಹೊಸದಕ್ಕೆ 200. ಹಡಗಿನಲ್ಲಾದರೆ ಕೋರ್ ತುಂಡು ತುಂಡಾಗಿ ಕೈಗೆ ಬರುತ್ತಿರುತ್ತದೆ. ಇಲ್ಲಿ ಇಡೀ ರಿಗ್ ಮೇಲೇರುವ ತನಕ ಕೊಳವೆಯಲ್ಲಿ ಏನಿದೆಯೆಂದು ಯಾರೂ ನೋಡಲಾರರು. ಗಟ್ಟಿ ಶಿಲೆಯಲ್ಲಿ ಆಳವೂ ಕುಗ್ಗುತ್ತದೆ. 2015ರಲ್ಲಿ ಅಟ್ಲಾಂಟಿಕ್‌ನ ಅಟ್ಲಾಂಟಿಸ್ ಮಾಸಿಫ್ ಎಂಬ ಕಡಲ ಪರ್ವತದಲ್ಲಿ ಮೇಬೋ ಜತೆಗೆ ಬ್ರಿಟಿಷ್ ರಿಗ್ ಒಂದನ್ನೂ ಇಳಿಸಲಾಗಿತ್ತು. ಅತಿ ಆಳದ ರಂಧ್ರ 16 ಮೀಟರ್ ಆಸುಪಾಸಿನದು.

ಭಾರತದಲ್ಲಿ ಇಂಥ ಯಂತ್ರದ ಹಿಂದೆ ಬಿದ್ದದ್ದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ. ಅಮೆರಿಕದ ವಿಲಿಯಮ್ಸನ್ ಕಂಪನಿಯ ಜತೆಗೂಡಿ ಅದು 3,000 ಮೀಟರ್ ನೀರಿನಲ್ಲಿ ದುಡಿಯುವ ಕೋರಿಂಗ್ ರಿಗ್ ರೂಪಿಸಿತು. ಗುರಿ ಗ್ಯಾಸ್ ಹೈಡ್ರೇಟ್, ಅಂದರೆ ಒತ್ತಡ ಮತ್ತು ತಂಪಿನಲ್ಲಿ ಮಂಜಿನಂತೆ ಗಟ್ಟಿಯಾದ ಮೀಥೇನ್. ಹೈಡ್ರೇಟ್ ಹುಡುಕಿ 2006ರಲ್ಲಿ ಹೊರಟ ಕೊರೆಯುವ ಹಡಗಿಗೆ ಕೇರಳ–ಕೊಂಕಣ ಜಲಾನಯನದಲ್ಲಿ ಕೊರೆದಾಗ ಅದು ಸಿಗಲಿಲ್ಲ, ಕೃಷ್ಣಾ–ಗೋದಾವರಿಯಲ್ಲಿ ಧಾರಾಳವಾಗಿ ಸಿಕ್ಕಿತು. ಆದರೆ ಒಂದು ಲೀಟರ್ ಹೈಡ್ರೇಟ್ ಕರಗಿದರೆ ಸುಮಾರು 160 ಲೀಟರ್ ಅನಿಲ. ಮೇಲೆತ್ತುವಾಗ ಒತ್ತಡ ಇಳಿದರೆ ಮಾದರಿಯೇ ಆರಿಹೋಗುತ್ತದೆ. ಆದ್ದರಿಂದ ಇಂಥ ಕಡೆ ಕೋರನ್ನು ತಳದ ಒತ್ತಡದಲ್ಲೇ ಮುಚ್ಚಿಡುವ ಕೊಳವೆಯೂ ರಿಗ್‌ನೊಂದಿಗೆ ಇಳಿಯಬೇಕು.