ಸದ್ದು ಹೆಚ್ಚಿತು, ಶಕ್ತಿ ಹೆಚ್ಚಿತೇ?

ಮುಂಗಾರು ಕಾಲಿಡುವ ಮುನ್ನ ರೋಣ, ನರಗುಂದ, ಗಜೇಂದ್ರಗಡದ ಎರೆಹೊಲಗಳಲ್ಲಿ ಹಗಲಿರುಳೆನ್ನದೆ ಟ್ರ್ಯಾಕ್ಟರುಗಳು ದುಡಿಯುತ್ತವೆ. ಆ ದಿನಗಳಲ್ಲಿ ಊರಿನ ಗ್ಯಾರೇಜುಗಳಿಗೂ ಬಿಡುವಿರುವುದಿಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಮೇ ತಿಂಗಳಲ್ಲಿ ನನ್ನ ಸೋದರಮಾವನ ಮಗ ತನ್ನ 45 ಅಶ್ವಶಕ್ತಿಯ ಟ್ರ್ಯಾಕ್ಟರನ್ನು ಅಂಥದೊಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಮಿಸ್ತ್ರಿ ಡೀಸೆಲ್ ಪಂಪಿನ ಸೀಲು ಒಡೆದು ಸ್ಕ್ರೂ ತಿರುವಿದ, ಕಂಪನಿಯ ಸೈಲೆನ್ಸರ್ ಬಿಚ್ಚಿ ನೆಟ್ಟಗಿನ ಕೊಳವೆ ಹಾಕಿದ. ಎಂಜಿನ್ ಚಾಲೂ ಮಾಡಿ, ಓಣಿಯೆಲ್ಲ ನಡುಗುವಂತೆ ಒಮ್ಮೆ ಗರ್ಜಿಸಿ, ‘ಹತ್ತು ಎಚ್‌ಪಿ ಜಾಸ್ತಿ ಆಗೇತಿ ನೋಡ್ರಿ ಗೌಡ್ರ’ ಎಂದ. ಗೌಡರು ಕೇಳಿದಷ್ಟು ಹಣ ಎಣಿಸಿಕೊಟ್ಟು ಬಂದರು.

ಆ ಹತ್ತು ಎಚ್‌ಪಿಯನ್ನು ಯಾರು ಅಳೆದರು? ಯಾವ ಮಾಪನದಿಂದ ಅಳೆದರು? ಯಾರೂ ಕೇಳಲಿಲ್ಲ. ಅಳೆದದ್ದು ಕಿವಿ, ಸಾಕ್ಷಿ ಹೇಳಿದ್ದು ಕಪ್ಪು ಹೊಗೆ.

ಅಶ್ವಶಕ್ತಿ ಎಂಬುದು ಬಾಯಿಮಾತಿನ ಬಣ್ಣನೆಯಲ್ಲ, ಅದೊಂದು ಲೆಕ್ಕ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು ಮಾರಬೇಕಾಗಿದ್ದದ್ದು ಕುದುರೆಗಳಿಂದ ಗಾಣ, ಪಂಪು ತಿರುಗಿಸುತ್ತಿದ್ದವರಿಗೆ. ಈ ಯಂತ್ರ ಎಷ್ಟು ಕುದುರೆಗಳಿಗೆ ಸಮ ಎಂಬ ಅವರ ಪ್ರಶ್ನೆಗೆ ಉತ್ತರವಾಗಿ ಅವನು ಒಂದು ಅಳತೆಯನ್ನೇ ಗೊತ್ತುಮಾಡಿದ: ಒಂದು ನಿಮಿಷದಲ್ಲಿ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವ ಸಾಮರ್ಥ್ಯವೇ ಒಂದು ಅಶ್ವಶಕ್ತಿ. ಮೆಟ್ರಿಕ್ ಪದ್ಧತಿಯಲ್ಲಿ ಅದು 75 ಕೆ.ಜಿ. ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಸಾಮರ್ಥ್ಯ. ಬಲ, ದೂರ, ಕಾಲ ಈ ಮೂರೂ ಗೊತ್ತಿಲ್ಲದೆ ಶಕ್ತಿಯ ಮಾತೇ ಇಲ್ಲ.

ನಮ್ಮ ಸೀಮೆಯ ರೈತನಿಗೆ ಇದು ಹೊಸ ವಿದ್ಯೆಯೇನಲ್ಲ. ಜಾತ್ರೆಗಳಲ್ಲಿ ನಡೆಯುವ ತೆರಬಂಡಿ ಸ್ಪರ್ಧೆಯನ್ನು ನೋಡಿ. ಗಾಲಿ ತಿರುಗದಂತೆ ಬಿಗಿದು ಭಾರ ಹೇರಿದ ಬಂಡಿಯನ್ನು ಎತ್ತುಗಳ ಜೋಡಿ ಗೊತ್ತುಪಡಿಸಿದ ಅವಧಿಯಲ್ಲಿ ಎಷ್ಟು ದೂರ ಎಳೆಯಿತು ಎಂಬುದನ್ನು ಟೇಪು ಹಿಡಿದು ಅಳೆಯುತ್ತಾರೆ. ಎಲ್ಲ ಜೋಡಿಗೂ ಅದೇ ಬಂಡಿ, ಅದೇ ಭಾರ, ಅಷ್ಟೇ ಹೊತ್ತು. ಯಾವ ಎತ್ತು ಜೋರಾಗಿ ಕೂಗಿತು ಎಂದು ನೋಡಿ ಬಹುಮಾನ ಕೊಡುವ ಪಂಚರು ಎಲ್ಲಿಯೂ ಇಲ್ಲ. ಎತ್ತಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ನಾವು ಎಂಜಿನ್ನಿನ ವಿಷಯದಲ್ಲಿ ಮಾತ್ರ ಗರ್ಜನೆಗೆ ಮರುಳಾಗುತ್ತೇವೆ.

ಎಂಜಿನ್ನಿಗೂ ಒಂದು ತೆರಬಂಡಿ ಇದೆ. ಅದರ ಹೆಸರು ಡೈನಮೋಮೀಟರ್. 1821ರಲ್ಲಿ ಫ್ರಾನ್ಸಿನ ಎಂಜಿನಿಯರ್ ಗಾಸ್ಪಾರ್ ದ ಪ್ರೋನಿ ರೂಪಿಸಿದ ಬ್ರೇಕು ಅದರ ಪೂರ್ವಜ. ತಿರುಗುವ ದಂಡಕ್ಕೆ ಪ್ರತಿರೋಧ ಒಡ್ಡಿ, ಆ ದಂಡ ಎಷ್ಟು ಬಲದಿಂದ ತಿರುಚುತ್ತದೆ, ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಅಳೆದರೆ ಶಕ್ತಿ ಸಿಗುತ್ತದೆ. ಕಾರುಗಳಿಗಾದರೆ ಗಾಲಿಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಅಳೆಯುತ್ತಾರೆ, ಟ್ರ್ಯಾಕ್ಟರಿಗಾದರೆ ಹಿಂಬದಿಯ ಪಿಟಿಒ ದಂಡಕ್ಕೆ ಜೋಡಿಸುತ್ತಾರೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ದಶಕಗಳಿಂದ ಮಾಡುತ್ತಿರುವ ಕೆಲಸ ಇದೇ. ಅದರ ವರದಿಗಳನ್ನು ಓದಿದವರಿಗೆ ಒಂದು ಸಂಗತಿ ತಿಳಿಯುತ್ತದೆ: ಬಾನೆಟ್ಟಿನ ಮೇಲೆ ಬರೆದ ಎಂಜಿನ್ ಶಕ್ತಿಯೆಲ್ಲ ಪಿಟಿಒ ದಂಡಕ್ಕೆ ಬರುವುದಿಲ್ಲ. ಅಲ್ಲಿಂದ ನೇಗಿಲಿಗೆ ಮುಟ್ಟುವುದು ಇನ್ನೂ ಕಡಿಮೆ. ಗಜೇಂದ್ರಗಡದ ಗುಡ್ಡದ ಮೇಲೆ ನಿಂತ ಗಾಳಿಯಂತ್ರಗಳಿಗೂ ಫಲಕದ ಸಾಮರ್ಥ್ಯ ಎಂಬುದೊಂದಿದೆ. ಆದರೆ ಹಣ ಸಂದಾಯವಾಗುವುದು ಮೀಟರು ತೋರಿಸುವ ಯೂನಿಟ್ಟಿಗೇ ಹೊರತು ಫಲಕದ ಅಂಕಿಗಲ್ಲ.

ಹಾಗಾದರೆ ಸೈಲೆನ್ಸರ್ ಬಿಚ್ಚಿದರೆ ಶಕ್ತಿ ಹೆಚ್ಚುವುದೇ ಇಲ್ಲವೇ? ತುಸು ಹೆಚ್ಚಬಹುದು. ಸುಟ್ಟ ಅನಿಲ ಹೊರಹೋಗಲು ತಡೆ ಕಡಿಮೆಯಾದಷ್ಟೂ ಎಂಜಿನ್ನಿನ ಶ್ರಮ ಕಡಿಮೆ. ಪಂದ್ಯದ ಕಾರುಗಳಲ್ಲಿ ಕೊಳವೆಯ ಉದ್ದ, ವ್ಯಾಸಗಳನ್ನು ಲೆಕ್ಕಹಾಕಿ, ಅದಕ್ಕೆ ತಕ್ಕಂತೆ ಗಾಳಿ ಮತ್ತು ಇಂಧನದ ಪ್ರಮಾಣವನ್ನೂ ಹೊಂದಿಸಿ ಲಾಭ ಪಡೆಯುತ್ತಾರೆ. ಆದರೆ ಮಂದಗತಿಯ ಟ್ರ್ಯಾಕ್ಟರ್ ಎಂಜಿನ್ನಿನಲ್ಲಿ ಬರಿಯ ಕೊಳವೆ ಬದಲಿಸಿದ ಮಾತ್ರಕ್ಕೆ ಹತ್ತು ಅಶ್ವಶಕ್ತಿ ಹುಟ್ಟುವುದಿಲ್ಲ. ಪಂಪಿನ ಸ್ಕ್ರೂ ಕಥೆಯೂ ಹೀಗೆಯೇ. ಒಂದು ಕೆ.ಜಿ. ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಹದಿನಾಲ್ಕೂವರೆ ಕೆ.ಜಿ.ಯಷ್ಟು ಗಾಳಿ ಬೇಕು. ಟರ್ಬೊ ಇಲ್ಲದ ಎಂಜಿನ್ ಎಳೆದುಕೊಳ್ಳುವ ಗಾಳಿಗೆ ಮಿತಿಯಿದೆ. ಡೀಸೆಲ್ ಹೆಚ್ಚಿಸಿದಾಗ ಮೊದಮೊದಲು ಶಕ್ತಿ ಕೊಂಚ ಏರುವುದು ನಿಜ. ಆ ಮಿತಿ ದಾಟಿದ ಬಳಿಕ ಉಳಿದ ಇಂಧನ ಮಸಿಯಾಗಿ ಹೊರಬೀಳುತ್ತದೆ, ಒಳಗಿನ ಬಿಸಿ ಏರುತ್ತದೆ. ರೈತ ಪೌರುಷದ ಗುರುತೆಂದು ಹಿಗ್ಗುವ ಆ ಕರಿಹೊಗೆ ಉರಿಯದೆ ಪೋಲಾದ ಅವನದೇ ಡೀಸೆಲ್.

ಅಳೆಯುವಾಗಲೂ ಮೋಸಹೋಗುವ ದಾರಿಗಳಿವೆ. ಗಾಳಿಯ ಉಷ್ಣಾಂಶ 20 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು ಶೇ 6ರಷ್ಟು ಇಳಿಯುತ್ತದೆ, ಎಂಜಿನ್ನಿಗೆ ಸಿಗುವ ಪ್ರಾಣವಾಯುವೂ ಅಷ್ಟು ಕಡಿಮೆಯಾಗುತ್ತದೆ. ಮೇ ತಿಂಗಳ ನಡುಹಗಲಿನಲ್ಲಿ ಮೊದಲ ಅಳತೆ ಮಾಡಿ, ಮಳೆಬಿದ್ದ ಮರುದಿನದ ನಸುಕಿನಲ್ಲಿ ಎರಡನೆಯದನ್ನು ಮಾಡಿದರೆ ಏನನ್ನೂ ಬದಲಿಸದೆಯೇ ‘ಶಕ್ತಿ ಹೆಚ್ಚಿದೆ’ ಎಂದು ತೋರಿಸಬಹುದು. ಆದ್ದರಿಂದಲೇ ಅದೇ ಯಂತ್ರ, ಅದೇ ದಿನ, ಅದೇ ಇಂಧನ, ಮಾರ್ಪಾಟಿಗೆ ಮೊದಲೊಮ್ಮೆ ಮತ್ತು ನಂತರವೊಮ್ಮೆ ಎಂಬ ನಿಯಮ. ಒಂದೊಂದು ಅಳತೆಯನ್ನೂ ಹಲವು ಸಲ ಮಾಡಿ ಹೋಲಿಸಬೇಕು. ‘ಮೊದಲಿನ’ ಅಳತೆ ಇಲ್ಲದವನಿಗೆ ‘ಹೆಚ್ಚಾಯಿತು’ ಎನ್ನುವ ಹಕ್ಕಿಲ್ಲ.

ಎರೆಮಣ್ಣಿನಲ್ಲಿ ಇನ್ನೊಂದು ತೊಡಕು. ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಗಾಲಿ ಜಾರಿದರೆ ಅದು ನೇಗಿಲನ್ನು ಮುಟ್ಟದು. ರೈತ ಇದನ್ನು ತಾನೇ ಪರೀಕ್ಷಿಸಬಹುದು. ಹಿಂದಿನ ಟೈರಿಗೆ ಸುಣ್ಣದ ಗುರುತು ಹಚ್ಚಿ, ನೇಗಿಲು ಎತ್ತಿಕೊಂಡು ಹತ್ತು ಸುತ್ತಿಗೆ ಎಷ್ಟು ದೂರ ಸಾಗಿತು, ನೇಗಿಲು ಇಳಿಸಿ ಉಳುವಾಗ ಹತ್ತು ಸುತ್ತಿಗೆ ಎಷ್ಟು ಸಾಗಿತು ಎಂದು ಅಳೆದರಾಯಿತು. ನೂರಡಿಗೆ ಹತ್ತು ಹದಿನೈದು ಅಡಿ ಕಡಿಮೆಯಾದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಹೆಚ್ಚಾದರೆ ಕೊರತೆ ಇರುವುದು ಎಂಜಿನ್ನಿನಲ್ಲಲ್ಲ, ಗಾಲಿಯ ಹಿಡಿತದಲ್ಲಿ. ಸವೆದ ಟೈರು ಬದಲಿಸಿದರೆ, ತಕ್ಕ ಭಾರ ಹಾಕಿದರೆ ಅದು ಸರಿಹೋದೀತು. ನೇಗಿಲಿನ ಎಳೆತವನ್ನು ಅಳೆಯುವ ಮಾಪಕ ಸಿಕ್ಕರಂತೂ ಲೆಕ್ಕ ಇನ್ನೂ ಸುಲಭ: ಎಳೆತದ ಬಲವನ್ನು ಕೆ.ಜಿ.ಯಲ್ಲಿಯೂ ವೇಗವನ್ನು ಗಂಟೆಗೆ ಕಿ.ಮೀ.ನಲ್ಲಿಯೂ ತೆಗೆದುಕೊಂಡು ಗುಣಿಸಿ, 270ರಿಂದ ಭಾಗಿಸಿದರೆ ಅಶ್ವಶಕ್ತಿ. 1,500 ಕೆ.ಜಿ. ಎಳೆತ, ನಾಲ್ಕೂವರೆ ಕಿ.ಮೀ. ವೇಗವಾದರೆ 25 ಅಶ್ವಶಕ್ತಿ. ಹೊಲಕ್ಕೆ ಬೇಕಾದದ್ದು ಈ ಅಂಕಿ.

ಇದನ್ನೆಲ್ಲ ಯೋಚಿಸುವಾಗ ನರಗುಂದದ ನೆನಪಾಗದೆ ಇರದು. 1980ರ ಜುಲೈ 21ರಂದು ಅಲ್ಲಿ ಸಿಡಿದ ರೈತ ಬಂಡಾಯದ ಮೂಲದಲ್ಲಿದ್ದ ಕಾರಣಗಳಲ್ಲಿ ಬೆಟರ್‌ಮೆಂಟ್ ಲೆವಿಯೂ ಒಂದು. ಮಲಪ್ರಭಾ ನೀರಾವರಿಯಿಂದ ನಿಮ್ಮ ಜಮೀನಿನ ಬೆಲೆ ಹೆಚ್ಚಿದೆ, ಹೆಚ್ಚಳಕ್ಕೆ ಕರ ಕೊಡಿ ಎಂದಿತು ಸರ್ಕಾರ. ನೀರೇ ಸರಿಯಾಗಿ ಬಾರದ ಹೊಲಕ್ಕೆ ಎಲ್ಲಿಯ ಹೆಚ್ಚಳ ಎಂದರು ರೈತರು. ಆ ಪ್ರಶ್ನೆಗೆ ಪ್ರಾಣ ತೆತ್ತವರಿದ್ದಾರೆ. ಆಗದ ಅಭಿವೃದ್ಧಿಗೆ ಹಣ ಕೊಡಲೊಲ್ಲೆ ಎಂದ ನೆಲದಲ್ಲಿಯೇ ಇಂದು ಅಳೆಯದ ಅಶ್ವಶಕ್ತಿಗೆ ರೈತ ತಾನಾಗಿ ಹಣ ತೆರುತ್ತಿರುವುದು ಸೋಜಿಗ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಿಗದಿಪಡಿಸಿದ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿ ಇಂಥ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಪಟ್ಟಣಗಳಲ್ಲಿ ಪೊಲೀಸರು ಬೈಕುಗಳ ಕರ್ಕಶ ಸೈಲೆನ್ಸರುಗಳನ್ನು ರೋಡ್‌ ರೋಲರಿನಡಿ ಪುಡಿಮಾಡುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಾಣುತ್ತೇವೆ. ಆದರೆ ದಂಡದಿಂದ ಭಯ ಹುಟ್ಟೀತೇ ವಿನಾ ತಿಳಿವಳಿಕೆ ಹುಟ್ಟದು. ‘ಶಕ್ತಿ ಹೆಚ್ಚುತ್ತದೆ’ ಎಂಬ ನಂಬಿಕೆ ಇರುವವರೆಗೆ ಸೈಲೆನ್ಸರುಗಳು ಬಿಚ್ಚಿಕೊಳ್ಳುತ್ತಲೇ ಇರುತ್ತವೆ.

ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದೇ ಸರಿಯಾದ ದಾರಿ. ಪಿಟಿಒ ದಂಡಕ್ಕೆ ಜೋಡಿಸಿ ಅಳೆಯುವ, ಗಾಲಿಗಳ ಮೇಲೆ ಊರಿಂದೂರಿಗೆ ಒಯ್ಯಬಹುದಾದ ಡೈನಮೋಮೀಟರುಗಳು ಇವೆ. ಜಿಲ್ಲೆಗೊಂದನ್ನು ಕೃಷಿ ಇಲಾಖೆ ಕೊಂಡು, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳ ಸುಪರ್ದಿಗೆ ಕೊಟ್ಟು, ಹಂಗಾಮಿಗೆ ಮುನ್ನ ಹೋಬಳಿ ಹೋಬಳಿಗೆ ತಿರುಗಿಸಲಿ. ರೈತ ತನ್ನ ಟ್ರ್ಯಾಕ್ಟರಿನ ಶಕ್ತಿಯನ್ನು ಕಣ್ಣಾರೆ ನೋಡಲಿ. ಮಿಸ್ತ್ರಿಯೂ ತನ್ನ ಕೈಚಳಕವನ್ನು ಅಲ್ಲಿಯೇ ತೋರಿಸಲಿ. ಹೆಚ್ಚಿದ್ದು ನಿಜವಾದರೆ ಅವನಿಗೆ ಹಣವೂ ಸಲ್ಲಲಿ, ಹೆಸರೂ ಸಲ್ಲಲಿ.

ನನ್ನ ಬಂಧುವಿನ ಟ್ರ್ಯಾಕ್ಟರು ಎರಡು ಹಂಗಾಮು ಗರ್ಜಿಸಿತು. ಮೂರನೆಯದರಲ್ಲಿ, ಹೆಸರು ಬಿತ್ತನೆಯ ಹದ ಕೈತಪ್ಪುವ ಹೊತ್ತಿಗೆ, ಪಿಸ್ಟನ್ ಸುಟ್ಟು ಹೊಲದ ನಡುವೆ ನಿಂತಿತು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಎಂಜಿನ್ ಬಿಚ್ಚಿ ಕಟ್ಟಿಸಿದ ಮೇಲೆ ಅವನು ಹಳೆಯ ಸೈಲೆನ್ಸರನ್ನೇ ಹುಡುಕಿ ಹಾಕಿಸಿದ. ಈಗ ಟ್ಯಾಂಕು ತುಂಬಿಸಿ ಹೊಲಕ್ಕಿಳಿಯುತ್ತಾನೆ, ಉಳುಮೆ ಮುಗಿದ ಮೇಲೆ ಮತ್ತೆ ತುಂಬಿಸಿ, ಎಕರೆಗೆ ಎಷ್ಟು ಲೀಟರ್ ಹಿಡಿಯಿತು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾನೆ. ಯಾವ ಮಿಸ್ತ್ರಿ ಬಂದು ಏನು ಹೇಳಿದರೂ ಮೊದಲು ಆ ಕ್ಯಾಲೆಂಡರನ್ನು ತೋರಿಸಿ, ‘ಇದಕ್ಕಿಂತ ಕಡಿಮಿ ಆಗತೈತೇನಪಾ?’ ಎಂದು ಕೇಳುತ್ತಾನೆ.